ಮಾರಿಷಸ್: ಭೂಗೋಳ ಮತ್ತು ನಿಸರ್ಗ

ಮಾರಿಷಸ್ ಹಿಂದೂ ಮಹಾಸಾಗರದ ನೈಋತ್ಯ ಭಾಗದಲ್ಲಿರುವ ದ್ವೀಪರಾಷ್ಟ್ರ. ಮಡಗಾಸ್ಕರ್‌ನಿಂದ ಪೂರ್ವಕ್ಕೆ 800 ಕಿ.ಮೀ.ಗೂ ಹೆಚ್ಚು ದೂರದಲ್ಲಿ, ಮಕರ ಸಂಕ್ರಾಂತಿ ವೃತ್ತಕ್ಕೆ ಸ್ವಲ್ಪ ಉತ್ತರದಲ್ಲಿ, ಸುಮಾರು 20 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ. ರಾಜಧಾನಿ ಪೋರ್ಟ್ ಲೂಯಿ. 1968ರ ಮಾರ್ಚ್ 12ರಂದು ಬ್ರಿಟನ್ನಿನಿಂದ ಸ್ವತಂತ್ರವಾಯಿತು, 1992ರಲ್ಲಿ ಗಣರಾಜ್ಯವಾಯಿತು. ಜನಸಂಖ್ಯೆ ಹನ್ನೆರಡು ಲಕ್ಷಕ್ಕಿಂತ ಹೆಚ್ಚು. ದ್ವೀಪದ ನೆಲವೆಲ್ಲ ಸಮುದ್ರತಳದಿಂದ ಮೇಲೆದ್ದ ಜ್ವಾಲಾಮುಖಿಯದು. ಅಂಚಿನ ಬಿಳಿ ಮರಳು ಹವಳದ್ದು. ಎಲ್ಲಿ ಬೆಟ್ಟ, ಎಲ್ಲಿ ಬಯಲು, ಎಲ್ಲಿ ನದಿ, ಎಲ್ಲಿ ಕಬ್ಬು, ಎಲ್ಲಿ ಕಾಡು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿರುವುದು ಆಯಾ ಜಾಗದ ಲಾವಾ ಎಷ್ಟು ಹಳೆಯದು ಎಂಬ ಸಂಗತಿ.

ಸ್ಥಾನ ಮತ್ತು ವಿಸ್ತಾರ

ದೇಶದ ಒಟ್ಟು ವಿಸ್ತೀರ್ಣ ಸುಮಾರು 2,040 ಚ.ಕಿ.ಮೀ.; ಅಂದರೆ ಬೆಂಗಳೂರು ನಗರ ಜಿಲ್ಲೆಗಿಂತ ತುಸು ಕಡಿಮೆ. ಇದರಲ್ಲಿ ಸುಮಾರು 1,865 ಚ.ಕಿ.ಮೀ. ಮುಖ್ಯ ದ್ವೀಪದ್ದು. ಉತ್ತರ ದಕ್ಷಿಣವಾಗಿ ಇದರ ಉದ್ದ ಸುಮಾರು 65 ಕಿ.ಮೀ., ಅಗಲ 45 ಕಿ.ಮೀ. ಪೂರ್ವಕ್ಕೆ ಸುಮಾರು 560 ಕಿ.ಮೀ. ದೂರದಲ್ಲಿ ರೋಡ್ರಿಗಸ್ ದ್ವೀಪ, ಈಶಾನ್ಯಕ್ಕೆ ಸುಮಾರು 430 ಕಿ.ಮೀ. ದೂರದಲ್ಲಿ ಸೇಂಟ್ ಬ್ರ್ಯಾಂಡನ್ ಎನ್ನುವ ಕಾರ್ಗಾಡೋಸ್ ಕಾರಾಜೋಸ್ ಕಿರುದ್ವೀಪಗಳು, ಉತ್ತರಕ್ಕೆ ಸುಮಾರು ಸಾವಿರ ಕಿ.ಮೀ. ದೂರದಲ್ಲಿ ಅಗಲೇಗ ದ್ವೀಪಗಳಿವೆ. ಮಾರಿಷಸ್, ರೋಡ್ರಿಗಸ್ ಮತ್ತು ಫ್ರಾನ್ಸಿಗೆ ಸೇರಿದ ರಿಯೂನಿಯನ್ ಒಟ್ಟಾಗಿ ಮಾಸ್ಕರೇನ್ ದ್ವೀಪಗಳೆನಿಸಿವೆ. ನೆಲ ಇಷ್ಟು ಕಿರಿದಾದರೂ ದೂರದೂರದ ಈ ದ್ವೀಪಗಳಿಂದಾಗಿ ದೇಶದ ಹಕ್ಕಿನ ಕಡಲು ಸುಮಾರು 23 ಲಕ್ಷ ಚ.ಕಿ.ಮೀ.ಗಳಷ್ಟು ಹರಡಿದೆ. ಈ ಲೆಕ್ಕದಲ್ಲಿ ಚಾಗೋಸ್ ದ್ವೀಪಸಮೂಹದ ಕಡಲೂ ಸೇರುತ್ತದೆ. ಅದರ ಸಾರ್ವಭೌಮತ್ವವನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಬ್ರಿಟನ್ 2025ರ ಮೇ 22ರಂದು ಸಹಿ ಹಾಕಿತು.

ದ್ವೀಪದ ಹುಟ್ಟು

ಭೂಮಿಯ ಒಡಲಾಳದಿಂದ ಬಿಸಿ ಶಿಲಾದ್ರವ್ಯ ಒಂದೇ ಜಾಗದಲ್ಲಿ ಕೋಟ್ಯಂತರ ವರ್ಷ ಮೇಲೇರುತ್ತಿರುವ ತಾಣಕ್ಕೆ ಭೂವಿಜ್ಞಾನಿಗಳು ಹಾಟ್‌ಸ್ಪಾಟ್ ಎನ್ನುತ್ತಾರೆ. ಭೂಫಲಕ ಇದರ ಮೇಲೆ ಹಾದುಹೋಗುವಾಗ ಸಾಲುಸಾಲಾಗಿ ಜ್ವಾಲಾಮುಖಿಗಳು ಹುಟ್ಟುತ್ತವೆ. ಮಾರಿಷಸ್ ಇಂಥ ಒಂದು ಸಾಲಿನ ಕೊನೆಯ ದ್ವೀಪಗಳಲ್ಲಿ ಒಂದು. ಸಾಲಿನ ಮೊದಲ ತುದಿ ಭಾರತದಲ್ಲಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ಫಲಕ ಈ ತಾಣದ ಮೇಲಿದ್ದಾಗ ಉಕ್ಕಿಹರಿದ ಲಾವಾವೇ ದಖ್ಖನ್ ಟ್ರ್ಯಾಪ್. ಮಹಾರಾಷ್ಟ್ರದಲ್ಲಿ ಹೆಚ್ಚಾಗಿ ಹರಡಿರುವ ಅದರ ದಕ್ಷಿಣದ ಅಂಚು ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳವರೆಗೆ ಬಂದಿದೆ. ಆ ಸೀಮೆಯ ಎರೆಭೂಮಿಯ ಅಡಿಯಲ್ಲಿರುವ ಕರಿಕಲ್ಲಿಗೂ ಮಾರಿಷಸ್‌ನ ಬೆಟ್ಟಗಳ ಕಲ್ಲಿಗೂ ಮೂಲ ಒಂದೇ.

ಭಾರತ ಉತ್ತರಕ್ಕೆ ಸರಿದಂತೆ ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್‌ಗಳ ಬುಡದಲ್ಲಿರುವ ಕಡಲಡಿಯ ಏಣು ರೂಪುಗೊಂಡಿತು. ಆಮೇಲೆ ಕಡಲತಳವೇ ಇಬ್ಭಾಗವಾಗಿ ಹರಡುವ ಬಿರುಕು ಹಾಟ್‌ಸ್ಪಾಟ್‌ನ ಮೇಲೆ ಹಾದುಹೋದದ್ದರಿಂದ ಸಾಲು ತುಂಡಾಯಿತು. ಮುಂದಿನ ಜ್ವಾಲಾಮುಖಿಗಳು ಆಫ್ರಿಕಾದ ಫಲಕದ ಮೇಲೆ ಎದ್ದವು. ಮಾರಿಷಸ್‌ನ ಉತ್ತರದಲ್ಲಿ ಮುಳುಗಿರುವ ನಜರೆತ್ ದಿಬ್ಬದಲ್ಲಿ ಕೊರೆದಾಗ ಸಿಕ್ಕ ಬಸಾಲ್ಟಿನ ವಯಸ್ಸು ಸುಮಾರು 3.1 ಕೋಟಿ ವರ್ಷ. ಮಾರಿಷಸ್ ಕಡಲ ಮೇಲೆ ಕಾಣಿಸಿಕೊಂಡದ್ದು 80 ರಿಂದ 90 ಲಕ್ಷ ವರ್ಷಗಳ ಹಿಂದೆ. ಈಗ ಉರಿ ಇರುವುದು ನೈಋತ್ಯಕ್ಕೆ ಸುಮಾರು 175 ಕಿ.ಮೀ. ದೂರದ ರಿಯೂನಿಯನ್‌ನಲ್ಲಿ, ಅಲ್ಲಿನ ಪಿಟಾನ್ ದ ಲಾ ಫೂರ್ನೇಸ್ ಜಗತ್ತಿನ ಅತಿ ಸಕ್ರಿಯ ಜ್ವಾಲಾಮುಖಿಗಳಲ್ಲಿ ಒಂದು.

ಮಾರಿಷಸ್‌ನ ಲಾವಾವನ್ನು ಮೂರು ಸರಣಿಗಳಾಗಿ ವಿಂಗಡಿಸುತ್ತಾರೆ. ಹಳೆಯ ಸರಣಿ ಸುಮಾರು 50 ಲಕ್ಷ ವರ್ಷಗಳ ಹಿಂದಿನವರೆಗೆ ಹರಿದು, ಮಗುಚಿಟ್ಟ ಬಾಣಲೆಯಂಥ ಭಾರೀ ಜ್ವಾಲಾಮುಖಿಯನ್ನು ಕಟ್ಟಿತು. ಅದರ ನಡುಭಾಗ ಕುಸಿದು ಕಾಲ್ಡೆರಾ ಆಯಿತು. ದೀರ್ಘ ವಿರಾಮದ ಬಳಿಕ, 35 ಲಕ್ಷ ವರ್ಷಗಳಿಂದ ಈಚೆಗೆ, ಮಧ್ಯಮ ಸರಣಿಯ ಲಾವಾ ಹರಿಯಿತು. ಕೊನೆಯ ಕಿರಿಯ ಸರಣಿ ಹತ್ತು ಲಕ್ಷ ವರ್ಷಗಳೊಳಗಿನದು. ಅದು ನಿಂತು ಕೆಲವು ಹತ್ತು ಸಾವಿರ ವರ್ಷಗಳಷ್ಟೇ ಆಗಿವೆ. ದ್ವೀಪದ ಬಹುಪಾಲು ನೆಲವನ್ನು ಈಗ ಹೊದಿಸಿರುವುದು ಕಿರಿಯ ಲಾವಾ. ಅದರ ನಡುವೆ ಅಲ್ಲಲ್ಲಿ ತಲೆಯೆತ್ತಿ ನಿಂತ ಬೆಟ್ಟಗಳೆಲ್ಲ ಹಳೆಯ ಜ್ವಾಲಾಮುಖಿಯ ಅಳಿದುಳಿದ ಗೋಡೆಗಳು. 1836ರಲ್ಲಿ ಬೀಗಲ್ ಹಡಗಿನಲ್ಲಿ ಬಂದ ಚಾರ್ಲ್ಸ್ ಡಾರ್ವಿನ್ ಲ ಪೂಸ್ ಬೆಟ್ಟ ಹತ್ತಿದ್ದ. ದ್ವೀಪದ ಸುತ್ತಣ ಬೆಟ್ಟಗಳ ಕಲ್ಲುಪದರಗಳೆಲ್ಲ ಕಡಲ ಕಡೆಗೇ ಇಳಿಜಾರಾಗಿರುವುದು ಅವನ ಗಮನಕ್ಕೆ ಬಂದಿತ್ತು.

ಈ ಕಥೆಗೆ ಇನ್ನೊಂದು ಪದರವೂ ಇದೆ. 2013ರಲ್ಲಿ ಕಡಲತೀರದ ಮರಳಿನಲ್ಲಿ ಕೋಟ್ಯಂತರ ವರ್ಷ ಹಳೆಯ ಜಿರ್ಕಾನ್ ಹರಳುಗಳು ಸಿಕ್ಕಿದವು. ಅವು ಬೇರೆಲ್ಲಿಂದಲೋ ಬಂದಿರಬಹುದು ಎಂಬ ಸಂದೇಹಕ್ಕೆ 2017ರಲ್ಲಿ ಉತ್ತರ ದೊರೆಯಿತು. ಭೂವಿಜ್ಞಾನಿ ಲೂಯಿಸ್ ಆಶ್ವಾಲ್ ಮತ್ತು ಸಂಗಡಿಗರು ಗಟ್ಟಿ ಜ್ವಾಲಾಮುಖಿ ಶಿಲೆಯೊಳಗೇ 300 ಕೋಟಿ ವರ್ಷದಷ್ಟು ಹಳೆಯ ಜಿರ್ಕಾನ್ ಹರಳನ್ನು ತೋರಿಸಿದರು. ಇಷ್ಟು ಹಳೆಯ ಹರಳು ಕಡಲತಳದ ಶಿಲೆಯಲ್ಲಿ ಹುಟ್ಟುವಂಥದ್ದಲ್ಲ. ಭಾರತ ಮತ್ತು ಮಡಗಾಸ್ಕರ್ ಬೇರ್ಪಟ್ಟಾಗ ನಡುವೆ ಉಳಿದ ಭೂಖಂಡದ ತುಣುಕೊಂದು ದ್ವೀಪದ ಲಾವಾದ ಕೆಳಗೆ ಹುದುಗಿದೆ ಎಂಬುದು ಇದರಿಂದ ಅವರು ಮಾಡಿದ ಊಹೆ. ಆ ತುಣುಕಿಗೆ ಮಾರಿಷಿಯಾ ಎಂಬ ಹೆಸರಿದೆ.

ಮೇಲ್ಮೈ ಲಕ್ಷಣ

ನಡುವೆ ಪ್ರಸ್ಥಭೂಮಿ, ಅದರ ಅಂಚಿನಲ್ಲಿ ಬಿಡಿಬಿಡಿ ಬೆಟ್ಟಸಾಲುಗಳು, ಆಚೆಗೆ ಕರಾವಳಿಯ ಬಯಲು: ಇದು ದ್ವೀಪದ ಸ್ಥೂಲ ರೂಪ. ಪ್ರಸ್ಥಭೂಮಿ 300 ರಿಂದ 600 ಮೀ. ಎತ್ತರದಲ್ಲಿದ್ದು ದಕ್ಷಿಣಕ್ಕೆ ಏರುತ್ತ ಹೋಗುತ್ತದೆ. ವಾಯುವ್ಯದಲ್ಲಿ ಮೋಕಾ ಮತ್ತು ಪೋರ್ಟ್ ಲೂಯಿ ಸಾಲು, ಆಗ್ನೇಯದಲ್ಲಿ ಗ್ರ್ಯಾಂಡ್ ಪೋರ್ಟ್ ಸಾಲು, ನೈಋತ್ಯದಲ್ಲಿ ಬ್ಲ್ಯಾಕ್ ರಿವರ್ ಮತ್ತು ಸವಾನ್ ಸಾಲುಗಳಿವೆ. ನೈಋತ್ಯದ ಸಾಲಿನ ಪಿಟಾನ್ ದ ಲಾ ಪೆಟಿಟ್ ರಿವಿಯೇರ್ ನ್ವಾರ್ (828 ಮೀ.) ದೇಶದ ಅತ್ಯುನ್ನತ ಶಿಖರ. ಎರಡನೆಯದು ಪೀಟರ್ ಬೋತ್ (820 ಮೀ.), ಇದರ ತುದಿಯಲ್ಲಿ ದುಂಡನೆಯ ಬಂಡೆಯೊಂದು ಮನುಷ್ಯನ ತಲೆಯಂತೆ ಕೂತಿದೆ. ಎತ್ತರದಲ್ಲಿ ಇವು ಸಾಮಾನ್ಯ ಗುಡ್ಡಗಳಾದರೂ ಬಯಲಿನಿಂದ ಒಮ್ಮೆಲೇ ಕಡಿದಾಗಿ ಏಳುವುದರಿಂದ ದೊಡ್ಡದಾಗಿ ಕಾಣುತ್ತವೆ.

ನೈಋತ್ಯದ ತುದಿಯಲ್ಲಿ ಕಡಲಿಗೆ ಚಾಚಿನಿಂತ 556 ಮೀ. ಎತ್ತರದ ಲ ಮೋರ್ನ್ ಬ್ರಬಾಂ ಒಂದೇ ಹೆಬ್ಬಂಡೆಯಂತಿದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಇದರ ಕಡಿದಾದ ಬದಿ ಮತ್ತು ಗವಿಗಳಲ್ಲಿ ಅಡಗಿ ಬದುಕಿದ್ದರು. ಯುನೆಸ್ಕೊ 2008ರಲ್ಲಿ ಇದನ್ನು ವಿಶ್ವ ಪರಂಪರೆಯ ತಾಣವೆಂದು ಗುರುತಿಸಿತು.

ಕಿರಿಯ ಲಾವಾ ಉಕ್ಕಿದ ಬಾಯಿಗಳು ಪ್ರಸ್ಥಭೂಮಿಯಲ್ಲಿ ಇಂದಿಗೂ ಸ್ಪಷ್ಟವಾಗಿವೆ. ಕ್ಯೂರ್‌ಪೀಪ್ ಪಟ್ಟಣದ ಮನೆಗಳ ನಡುವೆಯೇ ಇರುವ ಟ್ರೂ ಓ ಸೆರ್ಫ್ 300 ಮೀ.ಗೂ ಹೆಚ್ಚು ಅಗಲದ ಕುಂಡ. ಇಳಿಜಾರಿನಲ್ಲಿ ಮರಗಳು ಬೆಳೆದು, ತಳದಲ್ಲಿ ಹೂಳುತುಂಬಿದ ಕೆರೆ ಉಳಿದಿದೆ. ದಕ್ಷಿಣದ ಬಾಸಾಂ ಬ್ಲಾಂ ಮತ್ತು ಗ್ರ್ಯಾಂಡ್ ಬಾಸಾಂ ಕೂಡ ಇಂಥ ಕುಂಡಗಳಲ್ಲಿ ನಿಂತ ಕೆರೆಗಳು. ಗ್ರ್ಯಾಂಡ್ ಬಾಸಾಂ ಮಾರಿಷಸ್‌ನ ಹಿಂದೂಗಳಿಗೆ ಗಂಗಾ ತಲಾವ್. 1972ರಲ್ಲಿ ಗಂಗಾಜಲ ತಂದು ಇದಕ್ಕೆ ಸೇರಿಸಿದರು. ಶಿವರಾತ್ರಿಗೆ ದ್ವೀಪದ ಮೂಲೆಮೂಲೆಯಿಂದ ಭಕ್ತರು ಬಿಳಿ ಬಟ್ಟೆಯುಟ್ಟು, ಕಾವಡಿ ಹೊತ್ತು ಕಾಲ್ನಡಿಗೆಯಲ್ಲಿ ಬರುತ್ತಾರೆ.

ಹರಿಯುವ ಲಾವಾದ ಮೇಲ್ಪದರ ತಣಿದು ಗಟ್ಟಿಯಾಗಿ, ಒಳಗಿನ ದ್ರವ ಮುಂದೆ ಹರಿದುಹೋದಾಗ ಟೊಳ್ಳು ಕೊಳವೆ ಉಳಿಯುತ್ತದೆ. ಕಿರಿಯ ಲಾವಾದ ಬಯಲುಗಳಲ್ಲಿ, ಅದರಲ್ಲೂ ಈಶಾನ್ಯದ ರೋಶ್ ನ್ವಾರ್ ಸುತ್ತಮುತ್ತ, ಇಂಥ ಗವಿಗಳು ಹಲವು. ಮಾಸ್ಕರೇನ್ ದ್ವೀಪಗಳಿಗಷ್ಟೇ ಸೀಮಿತವಾದ ಸ್ವಿಫ್ಟ್‌ಲೆಟ್ ಹಕ್ಕಿ ಇವುಗಳ ಕತ್ತಲಲ್ಲಿ ಗೂಡು ಕಟ್ಟುತ್ತದೆ.

ಮಣ್ಣು

ಬಸಾಲ್ಟ್ ಕಲ್ಲು ಬಿಸಿಲು ಮಳೆಗೆ ಸಿಕ್ಕಿ ಕರಗಿದಂತೆ ಅದರ ಸಿಲಿಕಾ ಮೊದಲು ತೊಳೆದುಹೋಗುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಹಿಂದೆ ಉಳಿಯುತ್ತವೆ. ಇದರ ಪರಾಕಾಷ್ಠೆಯನ್ನು ನೈಋತ್ಯದ ಶಾಮರೆಲ್‌ನ ಏಳು ಬಣ್ಣದ ನೆಲದಲ್ಲಿ ನೋಡಬಹುದು. ಕೆಂಪು, ಕಂದು, ನೇರಿಳೆ, ಹಳದಿ ದಿಣ್ಣೆಗಳು ಅಲೆಯಲೆಯಾಗಿ ಹರಡಿರುವ ಇಲ್ಲಿ ಗಿಡ ಬೆಳೆಯುವುದಿಲ್ಲ. ಕಬ್ಬಿಣದ ಅಂಶ ಕೆಂಪು ಛಾಯೆಗಳನ್ನೂ ಅಲ್ಯೂಮಿನಿಯಂ ಅಂಶ ನೀಲಿ ನೇರಿಳೆ ಛಾಯೆಗಳನ್ನೂ ಕೊಟ್ಟಿವೆ.

ಕಿರಿಯ ಲಾವಾದ ನೆಲ ಇದಕ್ಕೆ ತೀರಾ ವಿರುದ್ಧ. ಕಲ್ಲು ಇನ್ನೂ ಪೂರ್ತಿ ಮಣ್ಣಾಗಿಲ್ಲ. ತೆಳುವಾದ ಮಣ್ಣಿನ ತುಂಬ ಬಂಡೆಗಳು. ಡಚ್ಚರು 1639ರಲ್ಲಿ ಜಾವಾದಿಂದ ತಂದ ಕಬ್ಬು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬಯಲುಗಳನ್ನೆಲ್ಲ ಆವರಿಸಬೇಕಾದರೆ ಮೊದಲು ಕಲ್ಲು ಆಯಬೇಕಿತ್ತು. 1834ರ ನಂತರ ಕರಾರಿನ ಮೇಲೆ ಭಾರತದಿಂದ ಬಂದ ಕೂಲಿಕಾರರು ಕೈಯಿಂದಲೇ ಕರಿಗಲ್ಲು ಆಯ್ದು ಗುಡ್ಡೆ ಹಾಕಿದರು. ಕಬ್ಬಿನ ಗದ್ದೆಗಳ ನಡುವೆ ಪಿರಮಿಡ್ಡಿನ ಆಕಾರದಲ್ಲಿ ನಿಂತ ಆ ರಾಶಿಗಳು ಈಗ ದ್ವೀಪದ ಭೂದೃಶ್ಯದ ಭಾಗ. ತೇವ ಹೆಚ್ಚಿರುವ ದಕ್ಷಿಣದ ಎತ್ತರದಲ್ಲಿ, ಬ್ವಾ ಶೇರಿ ಸುತ್ತ, ಚಹಾ ಬೆಳೆಯುತ್ತಾರೆ.

ವಾಯುಗುಣ

ವರ್ಷದಲ್ಲಿ ಎರಡೇ ಋತು. ನವೆಂಬರಿನಿಂದ ಏಪ್ರಿಲ್‌ವರೆಗೆ ಬಿಸಿಯ, ತೇವದ ಬೇಸಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂಪಾದ ಒಣ ಚಳಿಗಾಲ. ಸರಾಸರಿ ಉಷ್ಣತೆ ಬೇಸಿಗೆಯಲ್ಲಿ ಸುಮಾರು 24.7 ಡಿಗ್ರಿ, ಚಳಿಗಾಲದಲ್ಲಿ 20.4 ಡಿಗ್ರಿ ಸೆಲ್ಸಿಯಸ್. ಆಗ್ನೇಯದಿಂದ ಬೀಸುವ ವಾಣಿಜ್ಯ ಮಾರುತ ಪ್ರಸ್ಥಭೂಮಿಯನ್ನೇರುತ್ತ ಮಳೆ ಸುರಿಸಿ, ಪಶ್ಚಿಮಕ್ಕೆ ಇಳಿಯುವಾಗ ಬರಿದಾಗಿರುತ್ತದೆ. ದೇಶದ ವಾರ್ಷಿಕ ಸರಾಸರಿ ಮಳೆ ಸುಮಾರು 2,000 ಮಿ.ಮೀ. ಆದರೂ ಪ್ರಸ್ಥಭೂಮಿಯಲ್ಲಿ 4,000 ಮಿ.ಮೀ., ಪಶ್ಚಿಮ ಕರಾವಳಿಯಲ್ಲಿ 900 ಮಿ.ಮೀ. ಆಸುಪಾಸು. ಕೆಲವೇ ಹರದಾರಿಗಳ ಅಂತರದಲ್ಲಿ ಕ್ಯೂರ್‌ಪೀಪ್‌ನಲ್ಲಿ ಜಿಟಿಜಿಟಿ ಮಳೆ, ತೀರದಲ್ಲಿ ಸುಡುಬಿಸಿಲು ಇರುವುದು ಸಾಮಾನ್ಯ.

ಬೇಸಿಗೆ ಚಂಡಮಾರುತಗಳ ಕಾಲವೂ ಹೌದು. 1960ರ ಫೆಬ್ರವರಿಯಲ್ಲಿ ಅಪ್ಪಳಿಸಿದ ಕ್ಯಾರಲ್ ಚಂಡಮಾರುತದಲ್ಲಿ ಮರ, ತಗಡು, ಹುಲ್ಲಿನ ಮನೆಗಳು ಸಾವಿರಾರು ಸಂಖ್ಯೆಯಲ್ಲಿ ನೆಲಕಚ್ಚಿದವು. ದ್ವೀಪದಲ್ಲಿ ಕಾಂಕ್ರೀಟ್ ಮನೆಗಳು ಹೆಚ್ಚಿದ್ದು ಆಮೇಲೆ. ಈಚೆಗೆ ದಿಢೀರ್ ನೆರೆಯ ಭಯವೂ ಸೇರಿದೆ. ಪೋರ್ಟ್ ಲೂಯಿ ನಗರ ಹಳೆಯ ಲಾವಾದ ಕಡಿದಾದ ಬೆಟ್ಟಗಳ ಮಡಿಲಲ್ಲಿದೆ. ಬೆಟ್ಟದ ಮೇಲೆ ಬಿದ್ದ ನೀರು ಸ್ವಲ್ಪ ಹೊತ್ತಿನಲ್ಲೇ ಬೀದಿಗೆ ಇಳಿಯುತ್ತದೆ. 2013ರ ಮಾರ್ಚ್ 30ರ ನೆರೆಯಲ್ಲಿ ಅಲ್ಲಿ ಹನ್ನೊಂದು ಮಂದಿ ಸತ್ತರು. 2024ರ ಜನವರಿಯಲ್ಲಿ ಬೆಲಾಲ್ ಚಂಡಮಾರುತದ ಮಳೆಗೆ ನಗರದ ರಸ್ತೆಗಳಲ್ಲಿ ವಾಹನಗಳು ತೇಲಿಹೋದವು.

ನದಿ ಮತ್ತು ನೀರು

ನದಿಗಳೆಲ್ಲ ಪ್ರಸ್ಥಭೂಮಿಯಲ್ಲಿ ಹುಟ್ಟಿ ಸುತ್ತಲೂ ಕಡಲಿಗೆ ಇಳಿಯುತ್ತವೆ. ಹರಿವು ಚಿಕ್ಕದು, ಇಳಿಜಾರು ಹೆಚ್ಚು. ಹೀಗಾಗಿ ಆಳದ ಕೊರಕಲುಗಳೂ ಜಲಪಾತಗಳೂ ಸಾಕಷ್ಟಿವೆ. ಉದ್ದದಲ್ಲಿ ಮೊದಲನೆಯದು ಆಗ್ನೇಯದ ಗ್ರ್ಯಾಂಡ್ ರಿವರ್. ಶಾಮರೆಲ್ ಜಲಪಾತ 80 ಮೀ.ಗೂ ಹೆಚ್ಚು ಎತ್ತರದಿಂದ ಒಂದೇ ಧಾರೆಯಾಗಿ ಧುಮುಕುತ್ತದೆ. ಟ್ಯಾಮರಿಂಡ್ ಜಲಪಾತ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತದೆ. ದಕ್ಷಿಣದ ಸುಯಾಕ್ ಬಳಿಯ ರೋಚೆಸ್ಟರ್ ಜಲಪಾತದಲ್ಲಿ, ಲಾವಾ ತಣಿಯುವಾಗ ಬಿರಿದು ಉಂಟಾದ ಬಸಾಲ್ಟ್ ಕಂಬಗಳು ಸಾಲಾಗಿ ಕಾಣುತ್ತವೆ.

ನೆಲದಡಿಯ ನೀರು ಕೂಡ ಲಾವಾದ ವಯಸ್ಸನ್ನೇ ಅನುಸರಿಸುತ್ತದೆ. ಹಳೆಯ ಬಸಾಲ್ಟಿನ ಸಂದುಗಳು ಜೇಡಿಯಿಂದ ಮುಚ್ಚಿಹೋಗಿರುವುದರಿಂದ ನೀರು ಒಳಗಿಳಿಯುವುದು ಕಡಿಮೆ. ಬಿರುಕು, ರಂಧ್ರ, ಕೊಳವೆಗಳಿಂದ ತುಂಬಿದ ಕಿರಿಯ ಬಸಾಲ್ಟ್ ಮಳೆಯನ್ನು ಹೀರಿ ಹಿಡಿದಿಡುತ್ತದೆ. ಮನೆಬಳಕೆಯ ನೀರಿನ ಸುಮಾರು ಅರ್ಧ ಭಾಗ ಹೀಗೆ ಕೊಳವೆಬಾವಿಗಳಿಂದಲೇ ಬರುತ್ತದೆ. ಉಳಿದದ್ದು ಪ್ರಸ್ಥಭೂಮಿಯ ಮಾರ್ ಓ ವಾಕ್ವಾ ಮೊದಲಾದ ಜಲಾಶಯಗಳದು.

ಕರಾವಳಿ ಮತ್ತು ಹವಳ

ದ್ವೀಪವನ್ನು ಸುಮಾರು 150 ಕಿ.ಮೀ. ಉದ್ದದ ಹವಳದ ದಿಬ್ಬ ಬಳಸಿದೆ. ದಿಬ್ಬ ಮತ್ತು ದಡದ ನಡುವೆ ತಿಳಿಯಾದ, ಆಳವಿಲ್ಲದ ಕಡಲಕೊಳ. ಬಿಳಿ ಮರಳೆಲ್ಲ ಹವಳ ಮತ್ತು ಚಿಪ್ಪುಗಳ ಪುಡಿ. ಇಲ್ಲಿ ಅದಕ್ಕೆ ಲಾವಾದ ಕರಿಮರಳು ಬೆರೆತದ್ದು ಕಡಿಮೆ. ನದಿಯ ಸಿಹಿನೀರು ಬಂದು ಸೇರುವ ಕಡೆ ಹವಳ ಬೆಳೆಯದೆ ದಿಬ್ಬದಲ್ಲಿ ಕಂಡಿಗಳಾಗಿವೆ. ಬಂದರುಗಳು ಬೆಳೆದಿರುವುದು ಇಂಥ ಕಡೆಗಳಲ್ಲೇ. ದಕ್ಷಿಣದ ಗ್ರಿಗ್ರಿಯಲ್ಲಿ ದಿಬ್ಬ ಕಡಿದುಹೋಗಿರುವುದರಿಂದ ಅಲೆಗಳು ನೇರವಾಗಿ ಕರಿ ಬಂಡೆಗಳಿಗೆ ಬಡಿಯುತ್ತವೆ. ಲ ಮೋರ್ನ್ ಬಳಿ ಆಕಾಶದಿಂದ ನೋಡಿದರೆ ಕಡಲೊಳಗೇ ಜಲಪಾತ ಇದ್ದಂತೆ ತೋರುತ್ತದೆ. ಪ್ರವಾಹಕ್ಕೆ ಸಿಕ್ಕ ಮರಳು ಆಳದ ಇಳಿಜಾರಿಗೆ ಜಾರುವುದರಿಂದ ಆಗುವ ಭ್ರಮೆ ಅದು.

ಆಗ್ನೇಯದ ಬ್ಲೂ ಬೇ ಸಾಗರ ಉದ್ಯಾನ 353 ಹೆಕ್ಟೇರಿನದು; ಹವಳ ವೈವಿಧ್ಯಕ್ಕೆ ಹೆಸರಾದ ಇದು 2008ರಿಂದ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ. ಇದರ ಸಮೀಪದ ಪ್ವಾಂಟ್ ದೆಸ್ನಿಯಲ್ಲಿ 2020ರ ಜುಲೈ 25ರಂದು ವಾಕಾಶಿಯೊ ಎಂಬ ಸರಕು ಹಡಗು ಹವಳದ ದಿಬ್ಬಕ್ಕೇರಿ ಸಿಕ್ಕಿಕೊಂಡಿತು. ಆಗಸ್ಟ್‌ನಲ್ಲಿ ಅದರಿಂದ ಸುಮಾರು ಸಾವಿರ ಟನ್ ಎಣ್ಣೆ ಸೋರಿ ಕಡಲಕೊಳಕ್ಕೂ ಕಾಂಡ್ಲಾ ಕಾಡಿಗೂ ನುಗ್ಗಿತು. ಊರಿನ ಜನ ಬಟ್ಟೆಯ ಚೀಲಗಳಲ್ಲಿ ಕಬ್ಬಿನ ಸೋಗೆ ತುಂಬಿ, ಎಣ್ಣೆ ತಡೆಯುವ ತೇಲುಬೇಲಿ ಹೊಲಿದರು.

ಸಸ್ಯವರ್ಗ

ಕಡಲ ನಡುವೆ ಬರಿಗಲ್ಲಾಗಿ ಎದ್ದ ದ್ವೀಪಕ್ಕೆ ಬೀಜಗಳು ಬಂದದ್ದು ಗಾಳಿ, ನೀರು, ಹಕ್ಕಿಗಳ ಮೂಲಕ. ಬಂದವು ಬೇರೆಯೇ ದಾರಿ ಹಿಡಿದು ವಿಕಾಸಗೊಂಡವು. ಮುಖ್ಯ ದ್ವೀಪದ ಸುಮಾರು 690 ಸ್ಥಳೀಯ ಹೂಗಿಡ ಪ್ರಭೇದಗಳಲ್ಲಿ 270ರಷ್ಟು ಬೇರೆಲ್ಲೂ ಇಲ್ಲದವು. ಎಬೊನಿ ಎಂಬ ಕರಿಮರದ ಕಾಡುಗಳನ್ನು ಡಚ್ಚರು ಮರಕ್ಕಾಗಿ ಕಡಿದರು. ಫ್ರೆಂಚರ ಮತ್ತು ಬ್ರಿಟಿಷರ ಕಾಲದಲ್ಲಿ ಕಬ್ಬು ಉಳಿದ ನೆಲವನ್ನು ನುಂಗಿತು. ಒಳ್ಳೆಯ ಸ್ಥಿತಿಯಲ್ಲಿರುವ ಮೂಲ ಕಾಡು ಈಗ ದ್ವೀಪದ ಶೇ. 2ಕ್ಕಿಂತ ಕಡಿಮೆ. ಅದರ ಬಹುಭಾಗ 1994ರಲ್ಲಿ ಘೋಷಿತವಾದ ಬ್ಲ್ಯಾಕ್ ರಿವರ್ ಗಾರ್ಜಸ್ ರಾಷ್ಟ್ರೀಯ ಉದ್ಯಾನದಲ್ಲಿದೆ. ಕೊಡಲಿ ನಿಂತರೂ ಕಾಡಿಗೆ ಬಿಡುವಿಲ್ಲ. ಹೊರಗಿನಿಂದ ಬಂದ ಚೀನೀ ಸೀಬೆ ಒತ್ತೊತ್ತಾಗಿ ಬೆಳೆದು ಮೂಲ ಸಸಿಗಳನ್ನು ಏಳಗೊಡುವುದಿಲ್ಲ.

ಕ್ಯೂರ್‌ಪೀಪ್‌ನ ಸಸ್ಯೋದ್ಯಾನದಲ್ಲಿರುವ ಹಯೊಫೋರ್ಬೆ ಅಮರಿಕಾಲಿಸ್ ತಾಳೆ ಆ ಪ್ರಭೇದದ ಜಗತ್ತಿನ ಏಕೈಕ ಮರ. ಇದಕ್ಕೆ ವ್ಯತಿರಿಕ್ತವಾಗಿ, ಪಾಂಪ್ಲೆಮೂಸ್‌ನ ಉದ್ಯಾನ ದೇಶವಿದೇಶಗಳ ಗಿಡಗಳ ನೆಲೆ. ಫ್ರೆಂಚ್ ಆಡಳಿತಗಾರ ಪಿಯರ್ ಪ್ವಾವ್ರ್ ಹದಿನೆಂಟನೆಯ ಶತಮಾನದಲ್ಲಿ ಲವಂಗ, ಜಾಯಿಕಾಯಿಗಳನ್ನು ತರಿಸಿ ಇಲ್ಲಿ ಬೆಳೆಸಿದ.

ಪ್ರಾಣಿವರ್ಗ

ಮನುಷ್ಯ ಬರುವ ಮುನ್ನ ಇಲ್ಲಿದ್ದ ಸ್ತನಿಗಳೆಂದರೆ ನೆಲದ ಮೇಲೆ ಬಾವಲಿಗಳಷ್ಟೇ. ಹುಲ್ಲು ಮೇಯುವ ಕೆಲಸ ದೈತ್ಯ ಆಮೆಗಳದು. ಬೇಟೆಯಾಡುವ ಸ್ತನಿಗಳಿಲ್ಲದ ಕಾರಣ ಕೆಲವು ಹಕ್ಕಿಗಳು ಹಾರುವುದನ್ನೇ ಬಿಟ್ಟಿದ್ದವು. ಪಾರಿವಾಳದ ಕುಲಕ್ಕೆ ಸೇರಿದ ಡೋಡೊ ಇವುಗಳಲ್ಲಿ ಪ್ರಸಿದ್ಧ. ಇಂದು ಬದುಕಿರುವವುಗಳಲ್ಲಿ ಅದಕ್ಕೆ ಅತಿ ಹತ್ತಿರದ ಬಂಧು ನಿಕೋಬಾರ್ ಪಾರಿವಾಳ. ಡಚ್ಚರು 1598ರಲ್ಲಿ ಬಂದಿಳಿದರು. ಡೋಡೊ ಕಂಡ ಕೊನೆಯ ನಂಬಲರ್ಹ ದಾಖಲೆ 1662ರದು. ಬೇಟೆಗಿಂತ ಹೆಚ್ಚಾಗಿ ಅದನ್ನು ಮುಗಿಸಿದ್ದು ಹಡಗುಗಳಲ್ಲಿ ಬಂದ ಇಲಿ, ಹಂದಿ, ಮಂಗಗಳು. ನೆಲದ ಮೇಲಿಟ್ಟ ಮೊಟ್ಟೆ ಅವುಗಳ ಪಾಲಾಯಿತು. 1865ರಲ್ಲಿ ಮಾರ್ ಓ ಸೋಂಜ್ ಜೌಗಿನಲ್ಲಿ ಡೋಡೊ ಮೂಳೆಗಳು ರಾಶಿಯಾಗಿ ಸಿಕ್ಕಿದ ಮೇಲೆಯೇ ಅದರ ದೇಹರಚನೆ ತಿಳಿದದ್ದು.

ಉಳಿದ ಹಕ್ಕಿಗಳ ವಿಷಯದಲ್ಲಿ ಮಾರಿಷಸ್ ಜಗತ್ತಿಗೆ ಪಾಠವಾಗುವ ಕೆಲಸ ಮಾಡಿದೆ. ಮಾರಿಷಸ್ ಕೆಸ್ಟ್ರೆಲ್ ಎಂಬ ಚಿಕ್ಕ ಡೇಗೆ 1974ರಲ್ಲಿ ನಾಲ್ಕೇ ಉಳಿದಿತ್ತು. ಡಿಡಿಟಿ ಸಿಂಪಡಣೆ ಮತ್ತು ಕಾಡಿನ ನಾಶ ಅದನ್ನು ಆ ಸ್ಥಿತಿಗೆ ತಂದಿದ್ದವು. ಜೀವವಿಜ್ಞಾನಿ ಕಾರ್ಲ್ ಜೋನ್ಸ್ ಮತ್ತು ಸಂಗಡಿಗರು ಗೂಡಿನಿಂದ ಮೊಟ್ಟೆ ತೆಗೆದು ಮರಿಮಾಡಿಸಿದರು. ಮೊಟ್ಟೆ ಕಳೆದುಕೊಂಡ ಹಕ್ಕಿ ಮತ್ತೆ ಇಡುತ್ತಿತ್ತು. ಇಂದು ಕಾಡಿನಲ್ಲಿ ನೂರಾರು ಇವೆ. ಹತ್ತರ ಆಸುಪಾಸಿಗೆ ಇಳಿದಿದ್ದ ಗುಲಾಬಿ ಪಾರಿವಾಳವೂ ಎಕೊ ಗಿಳಿಯೂ ನೂರಾರಕ್ಕೆ ಏರಿವೆ. ಇಷ್ಟಾದರೂ ಕಾಡು ಮತ್ತು ತೋಟದ ಜಗಳ ಮುಗಿದಿಲ್ಲ. ಲಿಚಿ, ಮಾವು ತಿನ್ನುತ್ತದೆಂದು ಇಲ್ಲಿನ ಹಣ್ಣುಬಾವಲಿಯನ್ನು 2015ರಿಂದೀಚೆಗೆ ಸರ್ಕಾರವೇ ಹಲವು ಬಾರಿ ಕೊಲ್ಲಿಸಿತು.

ಉತ್ತರದ ರೌಂಡ್ ಐಲೆಂಡ್ ಎಂಬ ಕಿರುದ್ವೀಪಕ್ಕೆ ಇಲಿಗಳು ತಲುಪಲಿಲ್ಲ. ಹಾಗಾಗಿ ಮುಖ್ಯ ದ್ವೀಪದಲ್ಲಿ ಅಳಿದ ಹಲ್ಲಿ, ಹಾವುಗಳು ಅಲ್ಲಿ ಬದುಕಿದವು. ನೆಲ ಬೋಳಿಸಿದ್ದ ಮೇಕೆ, ಮೊಲಗಳನ್ನು 1986ರ ಹೊತ್ತಿಗೆ ಪೂರ್ತಿ ತೆಗೆದರು. ಆಮೇಲೆ ಅಳಿದ ದೈತ್ಯ ಆಮೆಗಳ ಬದಲಿಗೆ ಸೆಶೆಲ್ಸ್‌ನ ಅಲ್ಡಾಬ್ರಾ ಮೂಲದ ಆಮೆಗಳನ್ನು ಬಿಟ್ಟಿದ್ದಾರೆ. ಆಗ್ನೇಯದ 26 ಹೆಕ್ಟೇರಿನ ಇಲ್ ಓ ಎಗ್ರೆಟ್ ದ್ವೀಪದಲ್ಲೂ ಇದೇ ಪ್ರಯೋಗ ನಡೆದಿದೆ. ಆಮೆಗಳು ಕರಿಮರದ ಹಣ್ಣು ತಿಂದು ಬೀಜ ಹರಡುತ್ತವೆ.

ರೋಡ್ರಿಗಸ್ ಮತ್ತು ಹೊರದ್ವೀಪಗಳು

ರೋಡ್ರಿಗಸ್ (108 ಚ.ಕಿ.ಮೀ.) ಕೂಡ ಬಸಾಲ್ಟ್ ದ್ವೀಪವೇ, ಅತ್ಯುನ್ನತ ತಾಣ 398 ಮೀ. ಎತ್ತರದ ಮೋಂ ಲಿಮೋಂ. 2002ರಿಂದ ಇದಕ್ಕೆ ಸ್ವಾಯತ್ತ ಆಡಳಿತವಿದೆ. ಇದರ ಕಡಲಕೊಳ 200 ಚ.ಕಿ.ಮೀ.ಗೂ ಹೆಚ್ಚು, ಅಂದರೆ ನೆಲದ ಸುಮಾರು ಎರಡರಷ್ಟು. ಕೊಳದಲ್ಲಿ ಅಷ್ಟಪದಿ ಹಿಡಿಯುವುದು ಇಲ್ಲಿನ ಹೆಂಗಸರ ಹಳೆಯ ಕಸುಬು. ಸಂತತಿ ಕುಗ್ಗಿದ್ದರಿಂದ 2012ರಿಂದ ವರ್ಷದ ನಿಗದಿತ ಅವಧಿಯಲ್ಲಿ ಹಿಡಿಯುವುದನ್ನು ನಿಲ್ಲಿಸುತ್ತಿದ್ದಾರೆ. ಅಳಿದುಹೋಯಿತೆಂದು ತಿಳಿದಿದ್ದ ಕೆಫೆ ಮರೋನ್ ಗಿಡವನ್ನು 1980ರ ಸುಮಾರಿಗೆ ಇಲ್ಲಿನ ಶಾಲಾ ಹುಡುಗನೊಬ್ಬ ರಸ್ತೆಬದಿಯಲ್ಲಿ ಗುರುತಿಸಿದ.

ಅಗಲೇಗ ಮತ್ತು ಸೇಂಟ್ ಬ್ರ್ಯಾಂಡನ್‌ನಲ್ಲಿ ಬೆಟ್ಟವಿಲ್ಲ, ಕರಿಗಲ್ಲಿಲ್ಲ. ಇರುವುದು ಅಲೆಯಿಂದ ಕೆಲವೇ ಮೀಟರ್ ಎತ್ತರದ ಹವಳದ ಮರಳು. ಅಗಲೇಗದಲ್ಲಿ ತೆಂಗಿನ ತೋಟ, ಸೇಂಟ್ ಬ್ರ್ಯಾಂಡನ್‌ನಲ್ಲಿ ಕಡಲಹಕ್ಕಿ ಮತ್ತು ಕಡಲಾಮೆಗಳ ಗೂಡು. ಜ್ವಾಲಾಮುಖಿ ಆರಿದ ಮೇಲೆ ಕಡಲತಳ ತಣಿದು ನಿಧಾನವಾಗಿ ಕುಸಿಯುತ್ತದೆ. ಕಲ್ಲು ಮುಳುಗಿದರೂ ಹವಳ ಮೇಲೆ ಮೇಲೆ ಬೆಳೆದು ನೀರಿನ ಮಟ್ಟದಲ್ಲೇ ಉಳಿಯುತ್ತದೆ. ಈ ಕ್ರಮವನ್ನು ಮೊದಲು ವಿವರಿಸಿದವನೂ ಡಾರ್ವಿನ್. ರಿಯೂನಿಯನ್, ಮಾರಿಷಸ್, ಸೇಂಟ್ ಬ್ರ್ಯಾಂಡನ್‌ಗಳನ್ನು ಒಟ್ಟಿಗೆ ನೋಡಿದರೆ ಉರಿಯುವ, ಸವೆಯುವ, ಮುಳುಗುವ ಮೂರು ಘಟ್ಟಗಳೂ ಸಿಗುತ್ತವೆ.

ಹವಳ ಬೆಳೆಯುವ ವೇಗ ನೆಲ ಕುಸಿಯುವ ವೇಗವನ್ನು ಮೀರಿರುವವರೆಗೆ ಈ ಲೆಕ್ಕ ಸರಿ. ಈಗ ಬಿಸಿಯಾಗುತ್ತಿರುವ ಕಡಲಲ್ಲಿ ಹವಳ ಬಿಳಿಚಿಕೊಂಡು ಸಾಯುತ್ತಿದೆ, ಜೊತೆಗೆ ನೀರಿನ ಮಟ್ಟವೂ ಏರುತ್ತಿದೆ. ತೀರ ಸವೆಯುವುದನ್ನು ಕಂಡು ಮಾರಿಷಸ್ 2001ರಲ್ಲಿ ಕಡಲಕೊಳಗಳಿಂದ ಮರಳು ತೆಗೆಯುವುದನ್ನು ನಿಷೇಧಿಸಿತು. ಅಂದಿನಿಂದ ಕಟ್ಟಡಗಳಿಗೆ ಬಸಾಲ್ಟನ್ನು ಪುಡಿಮಾಡಿದ, ನಮ್ಮ ಎಂ-ಸ್ಯಾಂಡ್‌ನಂಥ ಕಲ್ಲುಮರಳೇ ಬಳಕೆಯಲ್ಲಿದೆ.